ಓದುಗರ ಪ್ರಶ್ನೆ: ಬಲ್ಗೇರಿಯನ್ನರ ಪೂರ್ವಜರು ಯಾರು?

ದಾವಣಗೆರೆಯಿಂದ ಬಂದ ಒಂದು ಪತ್ರ ಈ ಬಾರಿಯ ಅಂಕಣದ ಬಹುಭಾಗವನ್ನು ತೆಗೆದುಕೊಂಡಿದೆ. ಅದೇ ವಿಷಯಕ್ಕೆ ಹೊಂದುವ ಪ್ರಶ್ನೆಗಳು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಬೇರೆ ಊರುಗಳಿಂದಲೂ ಬಂದಿದ್ದವು. ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ಇಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು ಬಲ್ಗೇರಿಯಾ ದೇಶದ ವರ್ನಾ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳ ಜೊತೆ ಓದುವ ಅಲ್ಲಿನ ಹುಡುಗಿಯೊಬ್ಬಳು ತಾವು ಪ್ರಾಚೀನ ಕಾಲದಲ್ಲಿ ಆ ನಾಡಿನಲ್ಲಿದ್ದ ಥ್ರೇಸಿಯನ್ನರ ಸಂತತಿ ಎನ್ನುತ್ತಾಳಂತೆ. ಇವಳು ಬಾಡಿಗೆಗಿರುವ ಮನೆಯ ಯಜಮಾನರು ತಾವು ಸ್ಲಾವರು ಎನ್ನುತ್ತಾರಂತೆ. ಇನ್ನೊಬ್ಬ ಸಹಪಾಠಿ, ಪೂರ್ವದ ಹುಲ್ಲುಗಾವಲುಗಳಿಂದ ಕುದುರೆಯೇರಿ ಬಂದ ಬಲ್ಗರರೇ ತಮ್ಮ ಮೂಲಪುರುಷರು ಎಂದು ವಾದಿಸುತ್ತಾನಂತೆ. ಹಳೆಯ ಎಲುಬುಗಳಿಂದ ಡಿಎನ್‌ಎ ತೆಗೆದು ಇಂಥ ಪ್ರಶ್ನೆಗಳನ್ನು ಬಿಡಿಸುತ್ತಾರೆಂದು ಕೇಳಿದ್ದೇನೆ. ಮೂವರಲ್ಲಿ ಯಾರ ಮಾತು ಸರಿ?
– ವಿದ್ಯಾನಗರದ ಓದುಗರು, ದಾವಣಗೆರೆ

ಉತ್ತರ: ಮೂವರ ಮಾತಿನಲ್ಲೂ ನಿಜವಿದೆ, ಆದರೆ ಮೂವರೂ ಒಂದೇ ವಿಷಯದ ಬಗ್ಗೆ ಮಾತನಾಡುತ್ತಿಲ್ಲ. ಒಂದು ಜನಾಂಗದ ಹೆಸರು, ಅದರ ಭಾಷೆ ಮತ್ತು ಅದರ ಜನರ ರಕ್ತಸಂಬಂಧ ಇವು ಮೂರೂ ಒಂದೇ ಕಡೆಯಿಂದ ಬಂದಿರಬೇಕೆಂಬ ನಿಯಮವಿಲ್ಲ. ಬಲ್ಗೇರಿಯನ್ನರಲ್ಲಿ ಹೆಸರು ಬಲ್ಗರರಿಂದ, ಭಾಷೆ ಸ್ಲಾವರಿಂದ ಬಂದಿದೆ. ಇನ್ನು ದೇಹದ ಆನುವಂಶಿಕತೆಯ ವಿಷಯಕ್ಕೆ ಬಂದರೆ, ಅದರ ದೊಡ್ಡ ಪಾಲು ಈ ಇಬ್ಬರೂ ಬರುವುದಕ್ಕೆ ಸಾವಿರಾರು ವರ್ಷ ಮೊದಲಿನಿಂದ ಬಾಲ್ಕನ್ ಪ್ರದೇಶದಲ್ಲಿ, ಎಂದರೆ ಬಲ್ಗೇರಿಯಾ, ಸರ್ಬಿಯಾ, ಗ್ರೀಸ್ ಮೊದಲಾದ ದೇಶಗಳಿರುವ ಆಗ್ನೇಯ ಯುರೋಪಿನಲ್ಲಿ, ನೆಲೆಸಿದ್ದವರಿಂದಲೂ ಆಮೇಲೆ ಉತ್ತರದಿಂದ ಬಂದ ಸ್ಲಾವರಿಂದಲೂ ಕೂಡಿಕೊಂಡು ಬಂದದ್ದು. ಇದನ್ನು ನಾವು ಇಂದು ಇಷ್ಟು ಧೈರ್ಯದಿಂದ ಹೇಳಲು ಸಾಧ್ಯವಾಗಿರುವುದು ಕಳೆದ ಸುಮಾರು ಹತ್ತು ವರ್ಷಗಳಲ್ಲಿ ನಡೆದ ಪ್ರಾಚೀನ ಡಿಎನ್‌ಎ ಅಧ್ಯಯನಗಳಿಂದ.

ಕಾಲಕ್ರಮದಲ್ಲಿ ನೋಡೋಣ. ಬಲ್ಗೇರಿಯಾದ ಬಾಚೊ ಕಿರೊ ಎಂಬ ಗುಹೆಯಲ್ಲಿ ಸುಮಾರು 45,000 ವರ್ಷ ಹಳೆಯ ಮಾನವ ಅವಶೇಷಗಳು ದೊರೆತಿವೆ. ಅವುಗಳ ಡಿಎನ್‌ಎಯನ್ನು ಓದಿದಾಗ, ಆ ಜನರಿಗೆ ಕೆಲವೇ ತಲೆಮಾರುಗಳ ಹಿಂದೆ ನಿಯಾಂಡರ್ತಲ್ ಎಂಬ, ಈಗ ಅಳಿದುಹೋಗಿರುವ ಮಾನವ ಪ್ರಭೇದದ ಪೂರ್ವಜರಿದ್ದರೆಂದೂ ಅವರ ನಂಟು ಇಂದಿನ ಯುರೋಪಿಯನ್ನರಿಗಿಂತ ಇಂದಿನ ಪೂರ್ವ ಏಷ್ಯಾದವರೊಡನೆ ಹೆಚ್ಚಾಗಿತ್ತೆಂದೂ 2021ರಲ್ಲಿ ಪ್ರಕಟವಾಯಿತು. ಎಂದರೆ, ಅದೇ ನೆಲದಲ್ಲಿ ಬದುಕಿದ್ದರೂ ಅವರು ಇಂದಿನ ಬಲ್ಗೇರಿಯನ್ನರ ಪೂರ್ವಜರೆಂದು ಹೇಳಲಾಗದು. ನೆಲ ಒಂದೇ ಆಗಿದ್ದ ಮಾತ್ರಕ್ಕೆ ವಂಶವೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಇಂದಿನ ಜನರ ಕಥೆ ನಿಜವಾಗಿ ಆರಂಭವಾಗುವುದು ಸುಮಾರು 8,000 ವರ್ಷಗಳ ಹಿಂದೆ, ಇಂದಿನ ಟರ್ಕಿಯ ಅನಟೋಲಿಯಾ ಭಾಗದಿಂದ ಬೇಸಾಯಗಾರರು ಬಿತ್ತನೆ ಬೀಜವನ್ನೂ ಸಾಕುಪ್ರಾಣಿಗಳನ್ನೂ ತೆಗೆದುಕೊಂಡು ಬಾಲ್ಕನ್‌ಗೆ ಬಂದಾಗ. ಬಲ್ಗೇರಿಯಾದ ಆರಂಭಿಕ ಕೃಷಿ ನೆಲೆಗಳ ಎಲುಬುಗಳಲ್ಲಿ ಇವರ ಗುರುತೇ ಪ್ರಧಾನವಾಗಿದೆ. ತಮ್ಮ ಮಗಳು ಓದುತ್ತಿರುವ ವರ್ನಾ ನಗರದ ಅಂಚಿನಲ್ಲೇ 1972ರಲ್ಲಿ ಆಕಸ್ಮಿಕವಾಗಿ ಬೆಳಕಿಗೆ ಬಂದ ಸ್ಮಶಾನ ಕ್ರಿ.ಪೂ. 4500ರ ಆಸುಪಾಸಿನದು. ಅಲ್ಲಿ ದೊರೆತ ಚಿನ್ನದ ಒಡವೆಗಳು ಜಗತ್ತಿನ ಅತ್ಯಂತ ಹಳೆಯ ಚಿನ್ನದ ಕೆಲಸಗಳ ಸಾಲಿನಲ್ಲಿವೆ. ಅವನ್ನು ವರ್ನಾದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು, ಮಗಳಿಗೆ ತಪ್ಪದೆ ಹೇಳಿ. ಆಗ್ನೇಯ ಯುರೋಪಿನ 225 ಪ್ರಾಚೀನ ವ್ಯಕ್ತಿಗಳ ಡಿಎನ್‌ಎಯನ್ನು ಓದಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವರ್ನಾ ಸ್ಮಶಾನದವರೂ ಸೇರಿದ್ದರು. ಅವರಲ್ಲಿ ಹೆಚ್ಚಿನವರು ಬೇಸಾಯಗಾರರ ಸಂತತಿಯೇ ಆಗಿದ್ದರೂ, ಒಬ್ಬ ವ್ಯಕ್ತಿಯಲ್ಲಿ ಕಪ್ಪು ಸಮುದ್ರದ ಉತ್ತರದ ಸ್ತೆಪ್ಪೆ ಹುಲ್ಲುಗಾವಲಿನ ಜನರ ಆನುವಂಶಿಕ ಗುರುತು ಕಂಡುಬಂತು. ಸ್ತೆಪ್ಪೆಯ ಪಶುಪಾಲಕರು ಯುರೋಪಿನೊಳಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಸುಮಾರು 5,000 ವರ್ಷಗಳ ಹಿಂದೆ. ಅದಕ್ಕೂ ಸಾವಿರ ವರ್ಷಕ್ಕಿಂತ ಮೊದಲೇ ಒಬ್ಬಿಬ್ಬರು ಬಂದು ಹೋಗಿ ನಂಟು ಬೆಳೆಸಿದ್ದರೆಂಬುದನ್ನು ಆ ಒಂದು ಎಲುಬು ತಿಳಿಸಿತು.

ಹೀಗೆ ಬೇಸಾಯಗಾರರು, ಅವರಿಗೂ ಮೊದಲಿದ್ದ ಬೇಟೆಗಾರರು, ಆಮೇಲೆ ಬಂದ ಸ್ತೆಪ್ಪೆಯ ಪಶುಪಾಲಕರು ಈ ಮೂವರ ಬೆರಕೆಯಿಂದ ರೂಪುಗೊಂಡವರೇ ಥ್ರೇಸಿಯನ್ನರು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಜಗತ್ತಿನಲ್ಲಿ ಭಾರತೀಯರನ್ನು ಬಿಟ್ಟರೆ ಅತಿ ಹೆಚ್ಚು ಸಂಖ್ಯೆಯ ಜನಾಂಗ ಥ್ರೇಸಿಯನ್ನರದೇ ಎಂದು ಬರೆದಿದ್ದಾನೆ. ರೋಮಿನ ವಿರುದ್ಧ ದಂಗೆಯೆದ್ದ ಸ್ಪಾರ್ಟಕಸ್ ಈ ಜನಾಂಗದವನು. ಇವರ ಭಾಷೆ ಇಂದು ಯಾರ ಬಾಯಲ್ಲೂ ಉಳಿದಿಲ್ಲ. ಕೆಲವು ಚಿಕ್ಕ ಬರಹಗಳು, ಊರುಹೆಸರು, ನದಿಹೆಸರು, ವ್ಯಕ್ತಿನಾಮಗಳಷ್ಟೇ ಉಳಿದಿವೆ. ಆದರೆ ಭಾಷೆ ಸತ್ತಿತೆಂದರೆ ಜನರೂ ಅಳಿದರೆಂದು ಅರ್ಥವಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಬೇರೆ ಭಾಷೆಗಳನ್ನು ಆಡಿಕೊಂಡು ಅದೇ ಹಳ್ಳಿಗಳಲ್ಲಿ ಬದುಕಿದರು.

ಆಮೇಲೆ ರೋಮನ್ ಆಳ್ವಿಕೆ. ಬಾಲ್ಕನ್‌ನ ಕ್ರಿ.ಶ. ಮೊದಲ ಸಹಸ್ರಮಾನದ 136 ಜನರ ಡಿಎನ್‌ಎಯನ್ನು ಓದಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಡ್ಯಾನ್ಯೂಬ್ ನದಿಯ ಉದ್ದಕ್ಕೂ ಇದ್ದ ರೋಮನ್ ಗಡಿಯ ನಗರಗಳಲ್ಲಿ, ಅದರಲ್ಲೂ ಇಂದಿನ ಸರ್ಬಿಯಾದಲ್ಲಿರುವ ವಿಮಿನಾಷಿಯಂ ಎಂಬಲ್ಲಿ ಹೂಳಲ್ಪಟ್ಟವರನ್ನು ಅದು ಪರಿಶೀಲಿಸಿತು. ಇಷ್ಟು ಶತಮಾನ ರೋಮ್ ಆಳಿದ್ದರಿಂದ ಇಟಲಿಯವರ ರಕ್ತ ಧಾರಾಳವಾಗಿ ಬೆರೆತಿರಬೇಕೆಂದು ಯಾರಾದರೂ ಊಹಿಸಬಹುದು. ಅದು ಸಿಗಲಿಲ್ಲ. ಬದಲಾಗಿ ಸಾಮ್ರಾಜ್ಯದ ಪೂರ್ವದಿಂದ, ಅನಟೋಲಿಯಾ ಕಡೆಯಿಂದ ಬಂದವರ ಗುರುತು ದೊಡ್ಡದಾಗಿ ಕಂಡಿತು. ಪೂರ್ವ ಆಫ್ರಿಕಾದ ಮೂಲದ ಒಬ್ಬ ವ್ಯಕ್ತಿಯೂ ಅಲ್ಲಿ ಮಣ್ಣಾಗಿದ್ದ. ಆಳುವವರು ಎಲ್ಲಿಂದ ಬಂದರು ಎಂಬುದೊಂದು ಪ್ರಶ್ನೆ, ಅವರ ಆಳ್ವಿಕೆಯಲ್ಲಿ ರಸ್ತೆಗಳ ಮೇಲೆ ಯಾರು ಓಡಾಡಿದರು ಎಂಬುದು ಬೇರೆಯೇ ಪ್ರಶ್ನೆ.

ಆರು ಮತ್ತು ಏಳನೇ ಶತಮಾನಗಳಲ್ಲಿ ಸ್ಲಾವರು ಡ್ಯಾನ್ಯೂಬ್ ದಾಟಿ ದಕ್ಷಿಣಕ್ಕೆ ಬಂದರು. ಇದು ಕೇವಲ ಭಾಷೆಯ ಹರಡುವಿಕೆಯೋ ಅಥವಾ ಜನರೇ ಗುಂಪುಗುಂಪಾಗಿ ಬಂದರೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ದೀರ್ಘ ಕಾಲ ಚರ್ಚೆ ನಡೆದಿತ್ತು. ಡಿಎನ್‌ಎ ಈ ಚರ್ಚೆಯನ್ನು ಬಹುಮಟ್ಟಿಗೆ ಮುಗಿಸಿತೆಂದೇ ನನ್ನ ಅಭಿಪ್ರಾಯ. ಮೇಲೆ ಹೇಳಿದ 2023ರ ಅಧ್ಯಯನದ ಪ್ರಕಾರ ಇಂದಿನ ಬಾಲ್ಕನ್ ಜನರ ಆನುವಂಶಿಕತೆಯಲ್ಲಿ ಶೇ. 30ರಿಂದ 60ರಷ್ಟು ಈ ಸ್ಲಾವ್ ಸಂಬಂಧಿ ವಲಸೆಯಿಂದ ಬಂದದ್ದು. ಉತ್ತರದ ಕಡೆ ಈ ಪ್ರಮಾಣ ಹೆಚ್ಚು, ಗ್ರೀಸಿನ ಕಡೆ ಹೋದಂತೆ ಕಡಿಮೆ. ಸ್ಲಾವರ ಮೂಲ ನೆಲೆ ಇಂದಿನ ದಕ್ಷಿಣ ಬೆಲಾರೂಸ್ ಮತ್ತು ಉತ್ತರ ಉಕ್ರೇನಿನ ಸುತ್ತಮುತ್ತ ಇದ್ದಿರಬೇಕೆಂಬುದನ್ನು 2025ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಬೆಂಬಲಿಸಿತು. ಹಾಗಾಗಿ ಮನೆಯ ಯಜಮಾನರ ಮಾತು ಭಾಷೆಯ ಮಟ್ಟಿಗೆ ಪೂರ್ತಿ ನಿಜ, ವಂಶದ ಮಟ್ಟಿಗೆ ಒಂದು ದೊಡ್ಡ ಪಾಲು ನಿಜ. ಉಳಿದ ಪಾಲಿನ ಬಹುಭಾಗ ಆ ಹುಡುಗಿ ಹೇಳಿದ ಹಳೆಯ ಬಾಲ್ಕನ್ ಜನರದು. ಬಲ್ಗರರ ವಿಷಯ ಇದೇ ಪುಟದಲ್ಲಿ ಹಿರಿಯೂರಿನ ಓದುಗರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಎಲುಬಿನಿಂದ ಡಿಎನ್‌ಎ ಹೇಗೆ ತೆಗೆಯುತ್ತಾರೆ? ಅದು ಅಗೆದವರ ಕೈಯಿಂದ ಅಂಟಿದ ಡಿಎನ್‌ಎ ಅಲ್ಲವೆಂದು ಹೇಗೆ ಗೊತ್ತಾಗುತ್ತದೆ? ಮಕ್ಕಳು ಕೇಳಿದಾಗ ಉತ್ತರಿಸಲಾಗಲಿಲ್ಲ.
– ಪ್ರೌಢಶಾಲಾ ಶಿಕ್ಷಕಿ, ಚಳ್ಳಕೆರೆ

ಉತ್ತರ: ಮಕ್ಕಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾರೆ, ಈ ವಿಜ್ಞಾನದ ಅರ್ಧ ಶ್ರಮ ಆ ಎರಡನೆಯ ಪ್ರಶ್ನೆಗೇ ಹೋಗುತ್ತದೆ. ಸತ್ತ ಮೇಲೆ ಜೀವಕೋಶದ ಡಿಎನ್‌ಎ ತುಂಡುತುಂಡಾಗತೊಡಗುತ್ತದೆ. ಬದುಕಿರುವ ಮನುಷ್ಯನಲ್ಲಿ ಸುಮಾರು 300 ಕೋಟಿ ಅಕ್ಷರಗಳ ಉದ್ದದ ಬರಹವಿದ್ದರೆ, ಹಳೆಯ ಎಲುಬಿನಲ್ಲಿ ಸಿಗುವುದು ಬಹುತೇಕ ನೂರು ಅಕ್ಷರಗಳಿಗಿಂತಲೂ ಚಿಕ್ಕ ಚೂರುಗಳು. ಜೊತೆಗೆ ಎಲುಬಿನೊಳಗೆ ಸೇರಿಕೊಂಡ ಮಣ್ಣಿನ ಸೂಕ್ಷ್ಮಜೀವಿಗಳ ಡಿಎನ್‌ಎ ಮನುಷ್ಯನದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.

ಆದ್ದರಿಂದ ಯಾವ ಎಲುಬನ್ನು ಆರಿಸುತ್ತಾರೆಂಬುದು ಮುಖ್ಯ. ತಲೆಬುರುಡೆಯಲ್ಲಿ ಒಳಕಿವಿಯನ್ನು ಸುತ್ತುವರಿದಿರುವ ಎಲುಬು ದೇಹದಲ್ಲೇ ಅತ್ಯಂತ ಗಟ್ಟಿಯಾದದ್ದು. ಅದರೊಳಗೆ ಡಿಎನ್‌ಎ ಬೇರೆ ಎಲುಬುಗಳಿಗಿಂತ ಹಲವು ಪಟ್ಟು ಚೆನ್ನಾಗಿ ಉಳಿಯುತ್ತದೆ. ಅದು ಸಿಗದಿದ್ದರೆ ಹಲ್ಲಿನ ಬೇರು. ಸಂಶೋಧಕರು ಮೈಯೆಲ್ಲ ಮುಚ್ಚುವ ಉಡುಪು, ಮುಖಗವಸು, ಎರಡು ಜೊತೆ ಕೈಗವಸು ಧರಿಸಿ, ಧೂಳು ಒಳಬಾರದಂತೆ ಗಾಳಿಯನ್ನು ಸೋಸಿ ಬಿಡುವ ಕೊಠಡಿಯಲ್ಲಿ ಎಲುಬಿನ ಹೊರಮೈಯನ್ನು ಉಜ್ಜಿ ತೆಗೆದು, ಒಳಗಿನಿಂದ ಚಿಟಿಕೆಯಷ್ಟು ಪುಡಿಯನ್ನು ಕೊರೆದುಕೊಳ್ಳುತ್ತಾರೆ. ಆ ಪುಡಿಯಿಂದ ಬಂದ ಚೂರುಗಳನ್ನು ಯಂತ್ರ ಓದುತ್ತದೆ. ಗಣಕಯಂತ್ರ ಅವನ್ನು ಒಂದರ ಪಕ್ಕ ಒಂದು ಹೊಂದಿಸುತ್ತದೆ. ಬಹಳ ಸಂದರ್ಭಗಳಲ್ಲಿ ಇಡೀ ಬರಹವನ್ನು ಓದುವ ಬದಲು, ಮನುಷ್ಯ ಮನುಷ್ಯರ ನಡುವೆ ವ್ಯತ್ಯಾಸವಿರುವ ಸುಮಾರು 12 ಲಕ್ಷ ಸ್ಥಾನಗಳನ್ನಷ್ಟೇ ಹೆಕ್ಕಿ ನೋಡುತ್ತಾರೆ.

ಇನ್ನು ಅಗೆದವರ ಡಿಎನ್‌ಎಯ ವಿಷಯ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸೀನ್ ಕಾಲ ಕಳೆದಂತೆ ಕೆಟ್ಟು, ಓದುವಾಗ ಥೈಮೀನ್ ಆಗಿ ಕಾಣುತ್ತದೆ. ಈ ಹಾನಿ ಚೂರುಗಳ ತುದಿಯಲ್ಲೇ ಹೆಚ್ಚು. ನಿನ್ನೆ ಮೊನ್ನೆ ಕೈಯಿಂದ ಅಂಟಿದ ಡಿಎನ್‌ಎಯಲ್ಲಿ ಈ ಗುರುತು ಇರುವುದಿಲ್ಲ. ಹಳೆಯ ತಾಮ್ರದ ಪಾತ್ರೆಗೆ ಹಿಡಿದ ಕಿಲುಬಿನಿಂದ ಅದರ ವಯಸ್ಸನ್ನು ಗುರುತಿಸುವಂತೆ, ಆ ಹಾನಿಯೇ ಹಳೆಯದೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ: ಗಂಡಸಿನಲ್ಲಿ ಎಕ್ಸ್ ವರ್ಣತಂತು ಒಂದೇ ಇರುತ್ತದೆ. ಗಂಡಸಿನ ಎಲುಬಿನಿಂದ ಬಂದ ಎಕ್ಸ್ ವರ್ಣತಂತುವಿನ ಚೂರುಗಳಲ್ಲಿ ಒಂದೇ ಸ್ಥಾನಕ್ಕೆ ಎರಡು ಬಗೆಯ ಪಾಠ ಪದೇ ಪದೇ ಬಂದರೆ, ಇನ್ನಾರದೋ ಡಿಎನ್‌ಎ ಬೆರೆತಿದೆಯೆಂದು ತಿಳಿಯಬೇಕು. ಇದರ ಜೊತೆಗೆ ಎಲುಬಿನ ಕಾಲವನ್ನು ವಿಕಿರಣಶೀಲ ಇಂಗಾಲದಿಂದ ನಿರ್ಧರಿಸುತ್ತಾರೆ. ಈ ಕ್ಷೇತ್ರದ ತಳಹದಿ ಹಾಕಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತೆಂಬುದನ್ನೂ ಮಕ್ಕಳಿಗೆ ತಿಳಿಸಬಹುದು.

ಪ್ರಶ್ನೆ: ದೇಶಕ್ಕೆ ಹೆಸರು ಕೊಟ್ಟ ಬಲ್ಗರರ ಗುರುತು ಈಗಿನ ಜನರಲ್ಲಿ ಬಹಳ ಕಡಿಮೆ ಎಂದು ಓದಿದೆ. ಗೆದ್ದವರ ರಕ್ತ ಎಲ್ಲಿ ಹೋಯಿತು?
– ಓದುಗರು, ಹಿರಿಯೂರು

ಉತ್ತರ: ಮೊದಲು ಬಲ್ಗರರು ಯಾರೆಂದು ನೋಡೋಣ. ಏಳನೇ ಶತಮಾನದ ಮೊದಲರ್ಧದಲ್ಲಿ ಕಪ್ಪು ಸಮುದ್ರದ ಉತ್ತರಕ್ಕೆ ಕುಬ್ರತ್ ಎಂಬ ದೊರೆ ಇವರ ರಾಜ್ಯವನ್ನು ಕಟ್ಟಿದ. ಅವನ ನಂತರ ಖಜರರೆಂಬ ಇನ್ನೊಂದು ಹುಲ್ಲುಗಾವಲಿನ ಜನಾಂಗದ ಒತ್ತಡಕ್ಕೆ ಸಿಕ್ಕಿ ಆ ರಾಜ್ಯ ಒಡೆಯಿತು. ಒಂದು ಗುಂಪು ವೋಲ್ಗಾ ನದಿಯ ಕಡೆಗೆ ಹೋಯಿತು. ಇನ್ನೊಂದು ಗುಂಪು ಅಸ್ಪರೂಹ್‌ನ ನಾಯಕತ್ವದಲ್ಲಿ ಡ್ಯಾನ್ಯೂಬ್ ದಾಟಿ ಬಂದು ಬೈಜಾಂಟೈನ್, ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಸೈನ್ಯವನ್ನು ಸೋಲಿಸಿತು. 681ರಲ್ಲಿ ಸಾಮ್ರಾಟನು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆ ವರ್ಷವನ್ನೇ ಬಲ್ಗೇರಿಯಾ ರಾಜ್ಯದ ಸ್ಥಾಪನೆಯ ವರ್ಷವೆಂದು ಎಣಿಸುತ್ತಾರೆ. ಇವರ ಭಾಷೆ ತುರ್ಕಿ ಕುಟುಂಬದ್ದು. ಆ ಶಾಖೆಯಲ್ಲಿ ಇಂದು ಉಳಿದಿರುವುದು ರಷ್ಯಾದ ಚುವಾಶ್ ಭಾಷೆಯೊಂದೇ.

ಆದರೆ ಅಸ್ಪರೂಹ್ ಬಂದದ್ದು ಖಾಲಿ ನೆಲಕ್ಕಲ್ಲ. ಅಲ್ಲಿ ಆಗಲೇ ಸ್ಲಾವರ ಏಳು ಕುಲಗಳು ನೆಲೆಸಿದ್ದವೆಂದು ಬೈಜಾಂಟೈನ್ ಬರಹಗಾರರು ದಾಖಲಿಸಿದ್ದಾರೆ. ಹಳೆಯ ಬಾಲ್ಕನ್ ಜನರೂ ಇದ್ದರು. ಕುದುರೆಯ ಸೈನ್ಯ, ಆಡಳಿತ, ರಾಜಧಾನಿ ಪ್ಲಿಸ್ಕಾ ಇವೆಲ್ಲ ಬಲ್ಗರರ ಕೈಯಲ್ಲಿದ್ದವು. ಹೊಲ ಉತ್ತವರು ಹೆಚ್ಚಾಗಿ ಉಳಿದವರು. 864ರ ಹೊತ್ತಿಗೆ ಬೋರಿಸ್ ದೊರೆ ಕ್ರೈಸ್ತಮತ ಸ್ವೀಕರಿಸಿದ. ಬಲ್ಗರರಿಗೂ ಸ್ಲಾವರಿಗೂ ದೇವರು ಒಂದೇ ಆದ ಮೇಲೆ ಮದುವೆ ಸಂಬಂಧಗಳಿಗೆ ಇದ್ದ ಅಡ್ಡಿ ಕಡಿಮೆಯಾಯಿತು. 893ರಲ್ಲಿ ಸ್ಲಾವ್ ನುಡಿ ರಾಜ್ಯದ ಮತ್ತು ಚರ್ಚಿನ ಭಾಷೆಯಾಯಿತು. ಎರಡು ಶತಮಾನಗಳಲ್ಲಿ ಆಳುವವರು ಆಳಿಸಿಕೊಂಡವರ ಭಾಷೆಯನ್ನು ಕಲಿತರು, ಆಳಿಸಿಕೊಂಡವರು ಆಳುವವರ ಹೆಸರನ್ನು ಹೊತ್ತರು.

ಹಿರಿಯೂರಿನವರಾದ ತಮಗೆ ಇದು ಅಪರಿಚಿತವೆನಿಸಬಾರದು. ನಮ್ಮ ಈ ಚಿತ್ರದುರ್ಗದ ಸೀಮೆ ಶತಮಾನಗಳ ಕಾಲ ಶಾಸನಗಳಲ್ಲಿ ನೊಳಂಬವಾಡಿ ಎಂದು ಕರೆಸಿಕೊಂಡಿತ್ತು. ನೊಳಂಬ ಅರಸರು ಹೋದ ಮೇಲೂ ಆ ಹೆಸರು ನಡೆಯಿತು. ಆ ಮಾತ್ರಕ್ಕೆ ಆ ನಾಡಿನ ಪ್ರತಿಯೊಬ್ಬ ಒಕ್ಕಲಿಗನೂ ಕುರಿಗಾಹಿಯೂ ನೊಳಂಬ ಅರಸರ ವಂಶದವನಾಗುವುದಿಲ್ಲ. ನಮ್ಮಲ್ಲಿ ನಾಡಿನ ಹೆಸರಾಗಿ ಅದು ಮುಂದೆ ಮರೆಯಾಯಿತು. ಅಲ್ಲಿ ಉಳಿಯಿತು, ಜನಾಂಗದ ಹೆಸರಾಯಿತು. ವ್ಯತ್ಯಾಸ ಅಷ್ಟೇ.

ರಕ್ತ ಎಲ್ಲಿಯೂ ಹೋಗಿಲ್ಲ, ದೊಡ್ಡ ಕೆರೆಗೆ ಬಿದ್ದ ಹಳ್ಳದ ನೀರಿನಂತೆ ಸೇರಿಹೋಗಿದೆ. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಬಲ್ಗರರೇ ಒಂದು ಶುದ್ಧ ಜನಾಂಗವಾಗಿರಲಿಲ್ಲ. ಅವರು ಶತಮಾನಗಳ ಕಾಲ ಬದುಕಿದ ಹುಲ್ಲುಗಾವಲಿನಲ್ಲಿ ಇರಾನಿ ಮೂಲದ ಭಾಷೆಗಳನ್ನಾಡುತ್ತಿದ್ದ ಸರ್ಮೇಷಿಯನ್ನರು, ಅಲನರು ಮೊದಲಾದವರೂ ಇದ್ದರು. ಆದ್ದರಿಂದ ತುರ್ಕಿ ಭಾಷೆಯವರೆಂದ ಮಾತ್ರಕ್ಕೆ ಅವರೆಲ್ಲರಲ್ಲೂ ಪೂರ್ವ ಏಷ್ಯಾದ ಗುರುತು ದಟ್ಟವಾಗಿರಬೇಕೆಂದು ನಿರೀಕ್ಷಿಸುವಂತಿಲ್ಲ. ಬಲ್ಗೇರಿಯಾದಲ್ಲಿ 8ರಿಂದ 10ನೇ ಶತಮಾನದ ಸಮಾಧಿಗಳಿಂದ 13 ಮಾದರಿಗಳನ್ನು ತೆಗೆದು, ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಓದಿದ ಅಧ್ಯಯನ 2015ರಲ್ಲಿ ಬಂತು. ಅವೆಲ್ಲ ಪಶ್ಚಿಮ ಯುರೇಷಿಯಾದ, ಎಂದರೆ ಯುರೋಪ್ ಮತ್ತು ಪಶ್ಚಿಮ ಏಷ್ಯಾ ಕಡೆಯ, ವಂಶಗುಂಪುಗಳಿಗೇ ಸೇರಿದ್ದವು. ಇದನ್ನು ಹಿಡಿದು ಬಲ್ಗರರು ಏಷ್ಯಾದಿಂದ ಬಂದೇ ಇಲ್ಲ ಎಂದು ಕೆಲವರು ಬರೆದರು. ನಾನು ಹಾಗೆ ಹೇಳಲಾರೆ. ಮಾದರಿಗಳು 13 ಮಾತ್ರ. ಅವು ತಾಯಂದಿರ ಕವಲನ್ನಷ್ಟೇ ತೋರಿಸುತ್ತವೆ. ಅಸ್ಪರೂಹ್ ಬಂದು ನೂರು ವರ್ಷ ಕಳೆದ ಮೇಲೆ ಹುಟ್ಟಿದವರ ತಾಯಂದಿರು ಸ್ಥಳೀಯ ಹೆಣ್ಣುಮಕ್ಕಳೇ ಆಗಿರಲು ಸಾಕಷ್ಟು ಅವಕಾಶವಿತ್ತು.

ಪ್ರಶ್ನೆ: ಬಲ್ಗೇರಿಯಾದ ಗಂಡಸರ ವೈ ವರ್ಣತಂತುವಿನಲ್ಲಿ ಮಧ್ಯ ಏಷ್ಯಾದ ಗುಂಪುಗಳು ಶೇ. 1.5 ಮಾತ್ರ ಎಂದು ಓದಿದ್ದೇನೆ. ಹಾಗಾದರೆ ಬಲ್ಗರರ ಪಾಲು ಶೇ. 1.5 ಎಂದು ತೀರ್ಮಾನಿಸಬಹುದೇ?
– ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಸಂಖ್ಯೆ ಸರಿಯಾಗಿದೆ, ತೀರ್ಮಾನ ಸರಿಯಲ್ಲ. 808 ಬಲ್ಗೇರಿಯನ್ ಗಂಡಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿ, ಎನ್, ಕ್ಯೂ ಎಂಬ ಗುಂಪುಗಳು ಒಟ್ಟಾಗಿ ಅಷ್ಟೇ ಇದ್ದವು. ಆದರೆ ಅದು ಇಂದು ಬದುಕಿರುವವರ ಡಿಎನ್‌ಎ, ಪ್ರಾಚೀನರದ್ದಲ್ಲ. ಇಂದಿನವರಿಂದ ಹಿಂದಕ್ಕೆ ಊಹಿಸುವಾಗ, ಆ ಗುಂಪು ಯಾವ ಶತಮಾನದಲ್ಲಿ ಬಂತೆಂದು ಹೇಳುವುದು ಕಷ್ಟ; ಬಲ್ಗರರಲ್ಲಿ ಯಾವ ಯಾವ ಗುಂಪುಗಳಿದ್ದವು ಎಂಬುದು ಅವರ ಎಲುಬಿನಿಂದಲೇ ತಿಳಿಯಬೇಕು.

ಇನ್ನೂ ಮುಖ್ಯವಾದದ್ದು, ವೈ ವರ್ಣತಂತು ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಮಾತ್ರ ಹೋಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ತಮ್ಮ ವಂಶವೃಕ್ಷದಲ್ಲಿ 1,024 ಪೂರ್ವಜರ ಸ್ಥಾನಗಳಿರುತ್ತವೆ. ವೈ ವರ್ಣತಂತು ಅವರಲ್ಲಿ ಒಬ್ಬ ಗಂಡಸಿನ ಕಥೆ ಹೇಳುತ್ತದೆ, ಮೈಟೊಕಾಂಡ್ರಿಯಾ ಒಬ್ಬ ಹೆಂಗಸಿನ ಕಥೆ ಹೇಳುತ್ತದೆ. ಉಳಿದ 1,022 ಮಂದಿಯ ಬಗ್ಗೆ ಎರಡೂ ಮೌನ. ಅದಕ್ಕಾಗಿಯೇ ಈಗ ಎಲ್ಲ ವರ್ಣತಂತುಗಳನ್ನೂ ಒಟ್ಟಿಗೆ ಓದುವ ಪದ್ಧತಿ ಬಂದಿದೆ.

ಆ ಪದ್ಧತಿಗೂ ಮಿತಿಯಿದೆ. ಹಿಟ್ಟಿನ ಗಿರಣಿಯಲ್ಲಿ ಜೋಳ, ರಾಗಿ, ಗೋಧಿ ಬೆರೆಸಿ ಬೀಸಿದ ಹಿಟ್ಟನ್ನು ತಮ್ಮ ಮುಂದಿಟ್ಟು, ಯಾವುದು ಎಷ್ಟಿದೆ ಹೇಳಿ ಎಂದರೆ, ಮೂರೂ ಧಾನ್ಯಗಳ ಬೇರೆ ಬೇರೆ ಹಿಟ್ಟು ಕೈಯಲ್ಲಿದ್ದರೆ ಹೋಲಿಸಿ ಹೇಳಬಹುದು. ಆದರೆ ಎರಡು ಹೊಲದಲ್ಲಿ ಬೆಳೆದ ಒಂದೇ ತಳಿಯ ಜೋಳ ಅದರಲ್ಲಿದ್ದರೆ ಯಾವ ಹೊಲದ್ದು ಎಷ್ಟೆಂದು ಹೇಳಲಾಗದು. ಸ್ಲಾವರ ಪಾಲನ್ನು ಹಳೆಯ ಬಾಲ್ಕನ್ ಜನರ ಪಾಲಿನಿಂದ ಬೇರ್ಪಡಿಸಲು ಸಾಧ್ಯವಾಗಿರುವುದು ಅವರಿಬ್ಬರೂ ಸಾಕಷ್ಟು ಭಿನ್ನರಾಗಿದ್ದರಿಂದ. ಥ್ರೇಸಿಯನ್ನರು ಮತ್ತು ಅವರ ನೆರೆಯ ಇತರ ಬಾಲ್ಕನ್ ಜನರು ತೀರ ಹತ್ತಿರದವರು. ಇಂದಿನ ಒಬ್ಬನಲ್ಲಿ ಇವರ ಪಾಲನ್ನು ಬಿಡಿಸಿ ಇಡುವುದು ಬಹಳ ಕಠಿಣ. ಇಂದಿನ ಬಲ್ಗೇರಿಯನ್ನರು ಮತ್ತು ರೊಮೇನಿಯನ್ನರು ಕೂಡ ಆನುವಂಶಿಕವಾಗಿ ಬಹಳ ಹತ್ತಿರ. ಒಬ್ಬರದು ಸ್ಲಾವ್ ಭಾಷೆ, ಇನ್ನೊಬ್ಬರದು ಲ್ಯಾಟಿನ್ ಮೂಲದ ಭಾಷೆ.

ಪ್ರಶ್ನೆ: ಸ್ಲಾವರು ಲಕ್ಷಗಟ್ಟಲೆ ಬಂದಿದ್ದರೆ ಅವರ ಮೊದಲ ತಲೆಮಾರಿನ ಎಲುಬುಗಳು ಏಕೆ ಅಷ್ಟು ವಿರಳ?
– ಓದುಗರು, ಹರಿಹರ

ಉತ್ತರ: ಅವರು ಸತ್ತವರನ್ನು ಸುಡುತ್ತಿದ್ದರು. ಚಿತೆಯ ಬಿಸಿಗೆ ಡಿಎನ್‌ಎ ಉಳಿಯುವುದಿಲ್ಲ. ಕ್ರೈಸ್ತಮತ ಬಂದ ಮೇಲೆ ಹೂಳುವ ಪದ್ಧತಿ ಬೇರೂರಿತು. ಆದ್ದರಿಂದ ಸ್ಲಾವರ ಎಲುಬುಗಳು ಹೇರಳವಾಗಿ ಸಿಗುವುದು ಅವರು ಬಂದು ನೂರಿನ್ನೂರು ವರ್ಷಗಳಾದ ಮೇಲೆ, ಬೆರಕೆ ಆಗಲೇ ನಡೆದುಬಿಟ್ಟ ಕಾಲದಿಂದ.

ನಮ್ಮ ಸೀಮೆಯನ್ನೇ ಯೋಚಿಸಿ. ಇಲ್ಲಿ ಲಿಂಗಾಯತರು ಮತ್ತು ಮುಸ್ಲಿಮರು ಹೂಳುತ್ತಾರೆ, ಬೇರೆ ಹಲವು ಸಮುದಾಯಗಳಲ್ಲೂ ಹೂಳುವ ರೂಢಿಯಿದೆ, ಸುಡುವವರೂ ಇದ್ದಾರೆ. ಸಾವಿರ ವರ್ಷಗಳ ನಂತರ ಯಾರಾದರೂ ದಾವಣಗೆರೆಯ ನೆಲವನ್ನು ಅಗೆದು, ಸಿಕ್ಕ ಎಲುಬುಗಳಿಂದಲೇ ಊರಿನ ಜನರ ಲೆಕ್ಕ ಹಾಕಿದರೆ, ಅರ್ಧ ಊರು ಅವರ ಲೆಕ್ಕಕ್ಕೆ ಸಿಗುವುದೇ ಇಲ್ಲ. ಯಾವುದೇ ಪ್ರಾಚೀನ ಡಿಎನ್‌ಎ ವರದಿಯನ್ನು ಓದುವಾಗ, ಈ ಮಾದರಿಗಳಲ್ಲಿ ಯಾರು ಇಲ್ಲ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಎಂಜಲು ಕಳಿಸಿದರೆ ಪೂರ್ವಜರ ಪಟ್ಟಿ ಕಳಿಸುವ ಕಂಪನಿಗಳಿವೆಯಲ್ಲ, ಅವುಗಳಿಂದ ಒಬ್ಬ ಬಲ್ಗೇರಿಯನ್ ತಾನು ಥ್ರೇಸಿಯನ್ನನೇ ಎಂದು ತಿಳಿಯಬಹುದೇ?
– ಓದುಗರು, ಹೊಳಲ್ಕೆರೆ

ಉತ್ತರ: ತಿಳಿಯಲಾಗದು. ಅಂಥ ಪರೀಕ್ಷೆಗಳು ಮುಖ್ಯವಾಗಿ ಹೋಲಿಸುವುದು ಇಂದಿನ ಜನರೊಡನೆ. ಶೇಕಡಾವಾರು ಪಟ್ಟಿ ಆ ಕಂಪನಿಯ ಬಳಿ ಯಾವ ದೇಶದ ಎಷ್ಟು ಜನರ ಮಾಹಿತಿ ಇದೆ ಎಂಬುದರ ಮೇಲೆ ನಿಂತಿರುತ್ತದೆ. ಮೇಲಾಗಿ, ಅದೇ ಊರಿನಲ್ಲಿ ಹುಟ್ಟಿ ಬೆಳೆದ ಯಾವ ಬಲ್ಗೇರಿಯನ್ನನಿಗೂ ಥ್ರೇಸಿಯನ್ನರೂ ಸ್ಲಾವರೂ ಇಬ್ಬರೂ ಪೂರ್ವಜರಾಗಿದ್ದಾರೆ. ಬೇಕು ಬೇಡವೆಂದು ಆರಿಸಿಕೊಳ್ಳುವ ಪ್ರಶ್ನೆಯೇ ಅಲ್ಲಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಷ್ಟೊಂದು ಹಳೆಯ ಸಮಾಧಿಗಳಿವೆ. ಬಲ್ಗೇರಿಯಾದಲ್ಲಿ ಮಾಡಿದಂತೆ ಇಲ್ಲಿಯೂ ಡಿಎನ್‌ಎ ತೆಗೆದು ನಮ್ಮ ಮೂಲ ತಿಳಿಯಬಾರದೇ?
– ನೇಕಾರರು, ಮೊಳಕಾಲ್ಮೂರು

ಉತ್ತರ: ಈ ಪ್ರಶ್ನೆ ನನ್ನ ಮನಸ್ಸಿನಲ್ಲೂ ಬಹಳ ವರ್ಷಗಳಿಂದ ಇದೆ. ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿ ಮೊದಲು ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ನಮ್ಮ ಹಳ್ಳಿಗಳಲ್ಲಿ ಪಾಂಡವರ ಮನೆ, ಮೋರಿಯರ ಮನೆ ಎಂದು ಕರೆಯುವ ಬಂಡೆಗಲ್ಲಿನ ಸಮಾಧಿಗಳು ಅಲ್ಲಿ ನೂರಾರು ಇವೆ. ದಕ್ಷಿಣ ಭಾರತದ ಇತಿಹಾಸಕ್ಕೆ ಕಾಲದ ಕಟ್ಟು ಒದಗಿಸಿದ ಸ್ಥಳವದು.

ತೊಂದರೆ ಇರುವುದು ನಮ್ಮ ಬಿಸಿಲಿನಲ್ಲಿ. ಡಿಎನ್‌ಎ ಕೆಡುವ ವೇಗ ಮುಖ್ಯವಾಗಿ ಉಷ್ಣತೆಯನ್ನು ಅವಲಂಬಿಸಿದೆ. ಬಲ್ಗೇರಿಯಾದಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ನೆಲ ವರ್ಷದ ಬಹುಭಾಗ ತಣ್ಣಗಿರುತ್ತದೆ. ಮೊಳಕಾಲ್ಮೂರಿನ ಏಪ್ರಿಲ್ ಹೇಗಿರುತ್ತದೆಂದು ತಮಗೆ ನಾನು ಹೇಳಬೇಕಿಲ್ಲ. ಬಿಸಿಲಿನ ಜೊತೆಗೆ ಮಳೆಗಾಲದ ತೇವ ಪ್ರತಿವರ್ಷ ಬಂದು ಹೋಗುತ್ತದೆ. ಎಲುಬಿಗೆ ಇದಕ್ಕಿಂತ ಕಷ್ಟದ ಸ್ಥಿತಿ ಕಡಿಮೆ. ಹರಿಯಾಣದ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ಮೇಲೆ ಒಬ್ಬ ಹೆಂಗಸಿನ ಡಿಎನ್‌ಎ ಮಾತ್ರ ಓದುವಷ್ಟು ಸಿಕ್ಕಿತು. ಅದು 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಹಿಮಾಲಯದ ರೂಪಕುಂಡ ಸರೋವರದ 38 ಜನರ ಎಲುಬುಗಳಿಂದ ಡಿಎನ್‌ಎ ದೊರೆತದ್ದೂ ಪ್ರಕಟವಾಯಿತು, ಕಾರಣ ಅಲ್ಲಿನ ಚಳಿ. ಆ 38ರಲ್ಲಿ 14 ಮಂದಿ ಇಂದಿನ ಗ್ರೀಸಿನ ಕಡೆಯವರಿಗೆ ಹತ್ತಿರದವರೆಂದು, ಸುಮಾರು 200 ವರ್ಷಗಳ ಹಿಂದೆ ಸತ್ತವರೆಂದು ತಿಳಿದಾಗ ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ.

ಇನ್ನೊಂದು ಅಡ್ಡಿ, ಬಂಡೆಗಲ್ಲಿನ ಸಮಾಧಿಗಳಲ್ಲಿ ಅನೇಕ ಸಲ ಇಡೀ ದೇಹವನ್ನು ಇಟ್ಟಿರುವುದಿಲ್ಲ. ಶವವನ್ನು ಬಯಲಿಗೆ ಬಿಟ್ಟು ಆಮೇಲೆ ಆಯ್ದ ಎಲುಬುಗಳನ್ನು, ಕೆಲವೊಮ್ಮೆ ಹಲವರದನ್ನು ಒಟ್ಟಿಗೆ ಇಟ್ಟಿರುತ್ತಾರೆ. ಬಿಸಿಲು ಗಾಳಿಗೆ ಒಡ್ಡಿದ ಎಲುಬಿನಲ್ಲಿ ಮೊದಲೇ ಹಾನಿಯಾಗಿರುತ್ತದೆ.

ಆದರೂ ನಾನು ಆಸೆ ಬಿಟ್ಟಿಲ್ಲ. ಒಳಕಿವಿಯ ಎಲುಬಿನ ಮಹತ್ವ ವಿಜ್ಞಾನಿಗಳಿಗೆ ಮನದಟ್ಟಾದದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ. ಅದಕ್ಕೂ ಮೊದಲು ಅಗೆದವರು ಅದನ್ನು ಪ್ರತ್ಯೇಕವಾಗಿ ಕಾಪಾಡುವ ಗೋಜಿಗೆ ಹೋಗಿರಲಿಲ್ಲ. ಹೊಲ ಉಳುವಾಗಲೋ, ಕಲ್ಲು ತೆಗೆಯುವಾಗಲೋ, ಪಾಯ ತೋಡುವಾಗಲೋ ತಮ್ಮ ಕಡೆ ಯಾರಿಗಾದರೂ ಹಳೆಯ ಸಮಾಧಿ ಸಿಕ್ಕರೆ, ಎಲುಬನ್ನು ಬರಿಗೈಯಿಂದ ಮುಟ್ಟಬೇಡಿ, ನೀರಿನಿಂದ ತೊಳೆಯಬೇಡಿ, ಬಿಸಿಲಿನಲ್ಲಿ ಒಣಗಿಸಬೇಡಿ. ತೊಳೆದರೆ ಉಳಿದಿರುವ ಅಲ್ಪಸ್ವಲ್ಪ ಡಿಎನ್‌ಎಯೂ ಹೋಗುತ್ತದೆ. ಇದ್ದ ಜಾಗದಲ್ಲೇ ಮಣ್ಣು ಮುಚ್ಚಿ, ಮೇಲೆ ನೆರಳು ಮಾಡಿ, ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ತಲೆಬುರುಡೆ ಇದ್ದರೆ ಆ ಮಾತನ್ನು ಮೊದಲು ಹೇಳಿ.